ಕತ್ತರಿಸಿದ ಹಾಗೇ ಹೊಲಿದ ಅಂಗಿ

ನಮ್ಮ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವವರು ಮಾಸ್ಟರ್. ಹೊಲಿಯುವವಳು ಅವರ ಹೆಂಡತಿ, ನನ್ನ ಪಾಲಿಗೆ ಅಕ್ಕ. ಕಾಜಾ ಮಾಡಿ, ಅಂದರೆ ಗುಂಡಿ ತೂರುವ ಕಂಡಿಗೆ ಸುತ್ತ ದಾರ ಹಾಕಿ, ಗುಂಡಿ ಹಚ್ಚುವವಳು ನಾನು. ಎಷ್ಟೋ ವರ್ಷದಿಂದ ಎಲ್ಲರೂ ನನ್ನನ್ನು ಕಾಜಾ ಅಂತಲೇ ಕರೆದೂ ಕರೆದೂ, ಯಾರಾದರೂ ನಿಜವಾದ ಹೆಸರಿನಿಂದ ಕೂಗಿದರೆ ನಾನು ಹಿಂದೆ ತಿರುಗಿ ಬೇರೆ ಯಾರಿದ್ದಾರೆ ಎಂದು ನೋಡುವ ಹಾಗಾಗಿದೆ. ಬಟ್ಟೆ ಮೊದಲು ಮಾಸ್ಟರ್ ಕೈಗೆ, ಆಮೇಲೆ ಅಕ್ಕನ ಕೈಗೆ, ಕೊನೆಗೆ ನನ್ನ ಮಡಿಲಿಗೆ. ಹಾಗಾಗಿ ಯಾರು ಎಲ್ಲಿ ತಪ್ಪಿದರೂ ಅದು ನನ್ನ ಕಣ್ಣಿಗೆ ಬೀಳಲೇಬೇಕು. ಬಿದ್ದದ್ದನ್ನು ಹೊಟ್ಟೆಯಲ್ಲಿಟ್ಟುಕೊಂಡು ಕೂರುವ ಗುಣ ನನ್ನದಲ್ಲ. ನನ್ನ ನಾಲಿಗೆ ಉದ್ದ ಅಂತ ಬೀದಿಗೆಲ್ಲ ಗೊತ್ತು.

ಅಕ್ಕ ನನ್ನ ತದ್ವಿರುದ್ಧ. ಮದುವೆಯಾಗಿ ಬಂದಾಗ ಅವಳಿಗೆ ಸೂಜಿಗೆ ದಾರ ಪೋಣಿಸುವುದೂ ನೆಟ್ಟಗೆ ಬರುತ್ತಿರಲಿಲ್ಲವಂತೆ. ಕಲಿಸಿದವರು ಮಾಸ್ಟರೇ. ಈಗ ಅವಳ ಹೊಲಿಗೆಯನ್ನು ಒಳಗಿನಿಂದ ನೋಡಿದರೂ ಹೊರಗಿನಿಂದ ನೋಡಿದಷ್ಟೇ ಚೆನ್ನ. ಯಾರಿಗೂ ಅವರ ತಪ್ಪು ತೋರಿಸುವುದು ಅವಳಿಂದಾಗದು. ತೋರಿಸದೆ ಸರಿಮಾಡಿಬಿಡುತ್ತಾಳೆ. ಎದುರಿನ ಔಷಧಿ ಅಂಗಡಿಯವರು ಪ್ರತಿ ಸಲವೂ "ಹಳೇ ಅಳತೆನೇ ಇರಲಿ, ನಾನೇನು ದಪ್ಪ ಆಗಿಲ್ಲ" ಅನ್ನುತ್ತಾರೆ. ಅವರ ಹೊಟ್ಟೆ ಅವರಿಗಿಂತ ಮೊದಲು ನಮ್ಮ ಬಾಗಿಲು ದಾಟುತ್ತದೆ. ಅಕ್ಕ ಹೂಂ ಅಂದು, ಪಕ್ಕದ ಹೊಲಿಗೆಯಲ್ಲಿ ಅಷ್ಟಷ್ಟೇ ಬಿಟ್ಟು ಹೊಲಿಯುತ್ತಾಳೆ. ಅವರು ತೊಟ್ಟುಕೊಂಡು, "ನೋಡಿದ್ರಾ, ಹಳೇ ಅಳತೆನೇ ಸರಿಯಾಯ್ತು" ಎಂದು ಬೀಗಿಕೊಂಡು ಹೋಗುತ್ತಾರೆ. ನಾನಾಗಿದ್ದರೆ ಕನ್ನಡಿ ಮುಂದೆ ನಿಲ್ಲಿಸಿ ಹೊಟ್ಟೆ ತೋರಿಸಿಯೇ ಕಳಿಸುತ್ತಿದ್ದೆ.

ಮಾಸ್ಟರಿಗೆ ಮಾತು ಮತ್ತು ಕತ್ತರಿ ಎರಡೂ ಒಟ್ಟಿಗೇ ಓಡಬೇಕು. ಬೀದಿಯಲ್ಲಿ ಹೋಗುವವರನ್ನು ಬೆನ್ನು ನೋಡಿಯೇ ಗುರುತಿಸುತ್ತಿದ್ದರು. "ಅಗೋ ಕಾಜಾ, ಎಡಭುಜ ಇಳಿದವನು ಹೋಗ್ತಿದ್ದಾನೆ, ಅವನ ಪ್ಯಾಂಟು ಆಯ್ತಾ?" ಎಂದು ನನ್ನನ್ನು ಕೆಣಕುವರು. ಗಿರಾಕಿಯ ಮೈ ಹೇಗಿದ್ದರೂ ನಮ್ಮ ಅಂಗಿ ತೊಟ್ಟ ಮೇಲೆ ಅವನು ನೆಟ್ಟಗೆ ಕಾಣಬೇಕು ಎಂಬುದು ಅವರ ಹಟ. ಗಂಡ ಹೆಂಡತಿ ಜಗಳವಾಡಿದ್ದನ್ನು ನಾನು ನೋಡಿದ್ದು ಕಡಿಮೆ. ಅವರು ಕೂಗಾಡುವರು, ಅವಳು ಮಿಷಿನ್ ಓಡಿಸುವಳು, ಮಿಷಿನ್ ಸದ್ದಿನಲ್ಲಿ ಅವರ ಕೂಗು ಅವರಿಗೇ ಕೇಳಿಸದೆ ಸುಮ್ಮನಾಗುವರು.

ಇಂಥ ಮನೆಗೆ ಅಣ್ಣ ಬಂದರು. ಮಾಸ್ಟರರ ಸ್ವಂತ ಅಣ್ಣ. ಮದುವೆಯಾಗದ ಮನುಷ್ಯ, ಮನೆಗಳಿಗೆ ಬಣ್ಣ ಬಳಿಯುವ ಕೆಲಸ. ಒಂದು ಕಾಲಕ್ಕೆ ಏಣಿಯ ಮೇಲೆ ಬೆಕ್ಕಿನಂತೆ ಓಡಾಡುತ್ತಿದ್ದವರು, ಆಮೇಲಾಮೇಲೆ ಬಣ್ಣದ ಡಬ್ಬಿ ಬೀಳಿಸತೊಡಗಿದರು, ಸುಮ್ಮಸುಮ್ಮನೆ ಸಿಡುಕತೊಡಗಿದರು. ನಡೆಯುವಾಗ ಕಾಲು ಒಂದು ಕಡೆ, ಮೈ ಒಂದು ಕಡೆ. ಜನ ಕುಡಿತ ಅಂದರು. ಹನಿ ಮುಟ್ಟದ ಮನುಷ್ಯನಿಗೆ ಕುಡುಕ ಎಂಬ ಹೆಸರು ಬಂತು, ಕೆಲಸ ಹೋಯಿತು. ಮಾಸ್ಟರ್ ಕರೆದುಕೊಂಡು ಬಂದು ಅಂಗಡಿಯ ಹಿಂದಿನ ಕೋಣೆಯಲ್ಲಿ ಇಟ್ಟುಕೊಂಡರು. ನರದ ಡಾಕ್ಟರು ನೋಡಿ ಒಂದು ಉದ್ದನೆಯ ಪರದೇಶಿ ಹೆಸರು ಹೇಳಿದರು. ನಮ್ಮ ಯಾರ ನಾಲಿಗೆಗೂ ಅದು ಹೊರಳಲಿಲ್ಲ. ನಾವು ಅದನ್ನು ಅಣ್ಣನ ಕಾಯಿಲೆ ಅಂತಲೇ ಕರೆದೆವು. ಇವರ ತಾಯಿಯೂ ಹೀಗೇ ಕೈಕಾಲು ಕುಣಿಸುತ್ತಾ ಹೋದವರಂತೆ. ಆಗ ಮನೆಯವರು ನರಗಳ ಬಲಹೀನತೆ ಅಂದುಕೊಂಡು ಕೂತಿದ್ದರು.

ಡಾಕ್ಟರು ಮಾಸ್ಟರನ್ನೂ ಅಕ್ಕನನ್ನೂ ಕೂರಿಸಿಕೊಂಡು ಬಿಡಿಸಿ ಹೇಳಿದರು. ಇದು ರಕ್ತದಲ್ಲೇ ಬರುವಂಥದ್ದು. ತಾಯಿಗೋ ತಂದೆಗೋ ಇದ್ದರೆ ಹುಟ್ಟುವ ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಾಧ್ಯತೆ. ಬಂದವರಿಂದ ಮುಂದಕ್ಕೆ ಹೋಗಬಹುದು, ಬಾರದವರಿಂದ ಹೋಗುವುದಿಲ್ಲ, ಅಲ್ಲಿಗೇ ನಿಂತುಬಿಡುತ್ತದೆ. ಬಂದಿದೆಯೋ ಇಲ್ಲವೋ ಎಂದು ರಕ್ತಪರೀಕ್ಷೆಯಲ್ಲಿ ಮೊದಲೇ ತಿಳಿಯುತ್ತದೆ. ತಿಳಿದ ಮೇಲೆ ಗುಣಪಡಿಸುವ ಔಷಧಿ ಮಾತ್ರ ಇಲ್ಲ.

"ಔಷಧಿ ಇಲ್ಲದ ಮೇಲೆ ರಕ್ತ ಯಾಕೆ ಕೊಡ್ಲಿ ಸಾರ್? ಸೊಳ್ಳೆಗೆ ಕೊಟ್ರೆ ಒಂದು ಜೀವಾನಾದ್ರೂ ಬದುಕುತ್ತೆ" ಅಂದರಂತೆ ಮಾಸ್ಟರ್. ಮನೆಗೆ ಬಂದು ನನಗೂ ಅದನ್ನೇ ಹೇಳಿ ನಕ್ಕರು. ಅಕ್ಕ ನಗಲಿಲ್ಲ.

ಅಣ್ಣನನ್ನು ಮಾಸ್ಟರ್ ನೋಡಿಕೊಂಡ ರೀತಿಯನ್ನು ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ಗಡ್ಡ ಹೆರೆದರು, ಸ್ನಾನ ಮಾಡಿಸಿದರು. ಎಸೆದಾಡುವ ಕೈಗಳು ಗೋಡೆಗೆ ಬಡಿಯದಿರಲೆಂದು ಮಂಚದ ಸುತ್ತ ಹತ್ತಿ ತುಂಬಿದ ದಿಂಬು ಹೊಲಿಸಿ ಕಟ್ಟಿದರು. ಕೊನೆಕೊನೆಗೆ ಅಣ್ಣನಿಗೆ ನುಂಗುವುದೂ ಕಷ್ಟವಾಯಿತು. ಒಂದು ಬಟ್ಟಲು ಗಂಜಿ ಕುಡಿಸಲು ಒಂದು ಪ್ಯಾಂಟು ಹೊಲಿಯುವಷ್ಟು ಹೊತ್ತು ಹಿಡಿಯುತ್ತಿತ್ತು. ಆ ಕಾಯಿಲೆ ಏನೆಂಬುದು ಡಾಕ್ಟರಿಗಿಂತ ಮಾಸ್ಟರಿಗೇ ಚೆನ್ನಾಗಿ ಗೊತ್ತು. ಆ ಗೊತ್ತಿರುವುದೇ ಪರೀಕ್ಷೆಗೆ ಅಡ್ಡ ಕೂತಿತು. ಅಣ್ಣ ಹೋದ ಮೇಲೆ ಮಾಸ್ಟರ್ ಮಂಚ ಬಿಚ್ಚಿಸಿ, ಆ ಕೋಣೆಗೆ ಬಟ್ಟೆಯ ಥಾನುಗಳನ್ನು ತುಂಬಿಸಿಬಿಟ್ಟರು. ಆ ಮಾತು ಎತ್ತಿದರೆ ಎದ್ದು ಹೋಗುತ್ತಿದ್ದರು.

ಅವರಿಗೆ ಒಬ್ಬಳೇ ಮಗಳು. ದೊಡ್ಡಪ್ಪನ ಬಾಯಿಗೆ ಚಮಚ ಹಿಡಿಯುತ್ತಾ ಬೆಳೆದ ಹುಡುಗಿ. ಓದಿ, ಬೇರೆ ಊರಿನಲ್ಲಿ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಕೆಲಸಕ್ಕೆ ಸೇರಿ, ಅಲ್ಲೇ ಒಬ್ಬನನ್ನು ಮೆಚ್ಚಿ ಮದುವೆಯಾದಳು. ಅಳಿಯ ಒಳ್ಳೆಯವನು, ಮಾತಿಗಿಂತ ನಗು ಜಾಸ್ತಿ. ಅವನಿಗೆ ಮಕ್ಕಳೆಂದರೆ ಪ್ರಾಣ. ಮದುವೆಯಾದ ವರ್ಷವೇ ಮಗಳು ಬಂದು ಅಪ್ಪನೆದುರು ಕೂತಳು.

"ಅಪ್ಪ, ನೀನೊಂದು ಸಲ ಟೆಸ್ಟ್ ಮಾಡಿಸ್ಕೋ. ನಿನಗಿಲ್ಲ ಅಂದ್ರೆ ನನಗೂ ಇಲ್ಲ. ಅಲ್ಲಿಗೆ ಮುಗೀತು. ನಾನು ನೆಮ್ಮದಿಯಾಗಿ ಮಗು ಮಾಡ್ಕೊಳ್ತೀನಿ."

"ನನಗೇನಾಗಿದೆಯೇ? ಕಲ್ಲುಗುಂಡಿನ ಹಾಗಿದ್ದೀನಿ."

"ನೀನೇ ಯಾಕೆ ಮಾಡಿಸ್ಕೊಳ್ಳಬಾರದು?" ಎಂದು ಕೇಳಿದವಳು ನಾನೇ. ಸುಮ್ಮನಿರಲು ನನಗೆಲ್ಲಿ ಬರುತ್ತದೆ.

ಅವಳು ನನ್ನನ್ನು ನೋಡಿ, "ನನಗೆ ಧೈರ್ಯ ಇಲ್ಲ ಕಾಜಾ. ಇದೆ ಅಂತ ಗೊತ್ತಾದ್ಮೇಲೆ ನಾನು ಬೆಳಿಗ್ಗೆ ಹೇಗೆ ಏಳ್ಲಿ? ಕಾಫಿ ಲೋಟ ಕೈ ಜಾರಿದ್ರೂ ಬಂತು ಅಂತ ಕೂರ್ತೀನಿ" ಅಂದಳು. ಅವಳಿಗಿದ್ದ ಒಂದೇ ದಾರಿ ಅಪ್ಪನ ರಕ್ತ. ಆ ದಾರಿಗೆ ಅಪ್ಪ ಅಡ್ಡ ಮಲಗಿದ್ದರು. ಅವಳು ಮಗುವಿನ ಮಾತನ್ನು ಮುಂದೆ ಹಾಕುತ್ತಾ ಹೋದಳು. ಅಳಿಯ ಕಾಯುತ್ತಾ ಹೋದ. ಪ್ರತಿ ಭಾನುವಾರ ಫೋನಿನಲ್ಲಿ ಕ್ಷೇಮಸಮಾಚಾರ ಮುಗಿದ ಮೇಲೆ ಮಗಳು ಒಂದೇ ಮಾತು ಕೇಳುತ್ತಿದ್ದಳು: "ಅಮ್ಮ, ಅಪ್ಪ ಹೋದ್ರಾ?"

ಅಕ್ಕ ಅಂದಿನಿಂದ ಹಿಡಿದ ಕೆಲಸ ಇದೊಂದೇ. ಒಲಿಸಿ ನೋಡಿದಳು. "ಬರೀ ಒಂದು ಚುಚ್ಚು ರೀ, ಕೂತಿದ್ದು ಎದ್ದು ಬರೋಣ" ಅಂದಳು. ಮುನಿದು ನೋಡಿದಳು, ವಾರಗಟ್ಟಲೆ ಊಟ ಬಡಿಸಿದಳು, ಮಾತು ಬಡಿಸಲಿಲ್ಲ. ಸಕ್ಕರೆ ಕಾಯಿಲೆಗೆ ನೋಡಿಸೋಣ ಅಂತ ನೆಪ ಹೇಳಿ ಆಸ್ಪತ್ರೆವರೆಗೆ ಹೊರಡಿಸಿಯೂ ಬಿಟ್ಟಿದ್ದಳು. ಅವರು ಬಾಗಿಲಲ್ಲೇ ನಿಂತು, "ನನ್ನ ಸಕ್ಕರೆ ನೋಡೋಕೆ ನರದ ವಿಭಾಗ ಯಾಕೆ ಬೇಕೇ?" ಎಂದು ನಕ್ಕು ವಾಪಸು ನಡೆದರು. ಅಲ್ಲಿ ಪರೀಕ್ಷೆಗೆ ಬಂದವರನ್ನು ಮೊದಲು ಕೂರಿಸಿ ಮಾತಾಡಿಸುವ ಅಮ್ಮನೊಬ್ಬರು ಅಕ್ಕನಿಗೇ ಬುದ್ಧಿ ಹೇಳಿ ಕಳಿಸಿದರು. ಮೋಸ ಮಾಡಿ ಕರೆದುಕೊಂಡು ಬಂದರೆ ನಾವು ರಕ್ತ ತೆಗೆಯುವುದಿಲ್ಲ, ಅವರ ಮನಸ್ಸಿನಿಂದಲೇ ಬರಬೇಕು ಅಂದರಂತೆ. ಅಳಿಯನನ್ನು ಕರೆಸಿ ಹೇಳಿಸಿದ್ದೂ ಆಯಿತು. ಮಾಸ್ಟರ್ ಅವನ ಮಾತು ಶುರುವಾಗುವ ಮೊದಲೇ ಟೇಪು ತೆಗೆದು ಪ್ಯಾಂಟಿನ ಅಳತೆ ತೆಗೆದುಕೊಂಡು ಕಳಿಸಿಬಿಟ್ಟರು.

ಹೀಗಿರುವಾಗ ಒಂದು ದಿನ ನನ್ನ ಮಡಿಲಿಗೆ ಬಂದ ಅಂಗಿಯ ಎದೆಪಟ್ಟಿ ವಿಚಿತ್ರವಾಗಿತ್ತು. ಕಾಜಾ ಗುರುತು ಹಾಕಲು ಮಡಿಸಿದರೆ, ಒಳಗಡೆ ಒಂದು ಪಕ್ಕ ಬಟ್ಟೆ ಹೆಚ್ಚು, ಇನ್ನೊಂದು ಪಕ್ಕ ನೂಲಿನಷ್ಟೂ ಇಲ್ಲ. ಹೊರಗೆ ಮಾತ್ರ ಎಲ್ಲಾ ನೆಟ್ಟಗಿದೆ. ಅಂದರೆ ಕತ್ತರಿಸಿದ್ದು ಸೊಟ್ಟ, ಹೊಲಿದದ್ದು ನೇರ. ನಾನು ತಲೆಯೆತ್ತಿ ಅಕ್ಕನ ಕಡೆ ನೋಡಿದೆ. ಅವಳು ಆಗಲೇ ನನ್ನನ್ನು ನೋಡುತ್ತಿದ್ದಳು. ತುಟಿಯ ಮೇಲೆ ಬೆರಳಿಟ್ಟಳು.

ಆಮೇಲೆ ಗಮನಿಸುತ್ತಾ ಹೋದೆ. ಮಾಸ್ಟರ್ ಕತ್ತರಿ ಹಿಡಿದ ಕೈ ನಡುನಡುವೆ, ಯಾರೋ ಮೊಣಕೈ ತಟ್ಟಿದ ಹಾಗೆ, ಸರಕ್ಕನೆ ಪಕ್ಕಕ್ಕೆ ಹೋಗುತ್ತಿತ್ತು. ಅವರಿಗೆ ಅದರ ಅರಿವೇ ಇಲ್ಲ. ಮಾತಿನ ಭರದಲ್ಲಿ ಕತ್ತರಿಸಿ, ಮಡಿಸಿ, ಅಕ್ಕನ ಕಡೆ ಎಸೆದು ಮುಂದಿನ ಬಟ್ಟೆ ಎಳೆದುಕೊಳ್ಳುವರು. ಅಕ್ಕ ಅದನ್ನು ಮಿಷಿನ್ನಿನ ಕೆಳಗೆ, ತೊಡೆಯ ಮೇಲೆ ಬಿಡಿಸಿ, ಎಲ್ಲಿ ಹೆಚ್ಚಿದೆ ಎಲ್ಲಿ ಕಡಿಮೆಯಿದೆ ನೋಡಿ, ಹೊಲಿಗೆಯಲ್ಲಿ ಒಳಗೆ ಹೊರಗೆ ಎಳೆದು ಹೊಂದಿಸುವಳು. ತೀರಾ ಕೆಟ್ಟಿದ್ದರೆ ಅದೇ ಬಣ್ಣದ ಬಟ್ಟೆ ಹುಡುಕಿ, ಅವರು ಹೊರಗೆ ಹೋದಾಗ ತಾನೇ ಮತ್ತೆ ಕತ್ತರಿಸುವಳು. ಗಿರಾಕಿಗಳು ಯಾರೂ ಒಂದು ಮಾತು ಅನ್ನಲಿಲ್ಲ. ಅಂಗಿಗಳು ಹಿಂದೆ ಹೇಗಿದ್ದವೋ ಹಾಗೇ ಇದ್ದವು.

"ಇದು ಅದೇನಾ ಅಕ್ಕ?" ಎಂದು ಕೇಳಿದೆ, ಅವರಿಲ್ಲದ ಹೊತ್ತಿನಲ್ಲಿ.

"ಕಣ್ಣಿನ ಪೊರೆ ಇರಬಹುದು. ಕತ್ತಿನ ನರ ಹಿಡಿದಿರಬಹುದು. ವಯಸ್ಸಾಯ್ತಲ್ಲ" ಅಂದಳು. ಹೇಳುವಾಗ ನನ್ನ ಮುಖ ನೋಡಲಿಲ್ಲ. "ಅದಕ್ಕೇ ಟೆಸ್ಟ್ ಆಗ್ಲಿ ಅಂತೀನಿ. ಇಲ್ಲ ಅಂದ್ರೆ ಕನ್ನಡಕ ಹಾಕಿಸೋಣ."

"ಇದೆ ಅಂದ್ರೆ?"

"ಇದೆ ಅಂತನಾದ್ರೂ ಗೊತ್ತಾಗ್ಲಿ. ಆ ಹುಡುಗಿ ಎಷ್ಟು ದಿನ ಅಂತ ನೇತಾಡ್ತಾ ಇರಬೇಕು?"

ಒಂದು ಮಧ್ಯಾಹ್ನ ಅಕ್ಕ ಮಿಷಿನ್ ನಿಲ್ಲಿಸಿ ನೇರವಾಗಿ ಮಾತೆತ್ತಿದಳು. ಅವಳಿಗೆ ಅಷ್ಟು ಧೈರ್ಯ ಎಲ್ಲಿಂದ ಬಂತೋ. "ರೀ, ನಿಮ್ಮ ಕೈ ಮೊದಲಿನ ಹಾಗಿಲ್ಲ" ಅಂದಳು.

ಮಾಸ್ಟರ್ ಕತ್ತರಿ ಕೆಳಗಿಟ್ಟರು. ಸಿಟ್ಟಾಗುತ್ತಾರೆ ಅಂದುಕೊಂಡೆ, ಆಗಲಿಲ್ಲ. ಎದ್ದು ಹೋಗಿ, ತಯಾರಾಗಿ ನೇತುಹಾಕಿದ್ದ ಅಂಗಿಗಳನ್ನೆಲ್ಲ ಹ್ಯಾಂಗರ್ ಸಮೇತ ತಂದು ಮೇಜಿನ ಮೇಲೆ ಹರಡಿದರು.

"ನೋಡು. ಟೇಪು ತಗೊಂಡು ನೋಡು. ಕಾಜಾ, ನೀನೂ ನೋಡು. ಅಣ್ಣನಿಗೆ ಮೊದಲು ಕೆಟ್ಟಿದ್ದು ಕೆಲಸ. ಗೋಡೆ ಮೇಲೆ ಒಂದು ಗೆರೆ ನೆಟ್ಟಗೆ ಎಳೆಯೋಕೆ ಆಗ್ತಿರ್ಲಿಲ್ಲ ಅವನಿಗೆ. ಇಲ್ಲಿ ಎಲ್ಲಾದ್ರೂ ಸೊಟ್ಟ ಇದೆಯಾ? ಈ ಕಾಲರ್ ನೋಡು, ಈ ಭುಜ ನೋಡು. ಹೇಳು, ಎಲ್ಲಿದೆ ನನ್ನ ಕಾಯಿಲೆ?"

ಅಕ್ಕ ಅಂಗಿಗಳನ್ನು ನೋಡಿದಳು. ಆ ಕಾಲರು ಅವಳು ಎರಡು ಸಲ ಬಿಚ್ಚಿ ಕೂರಿಸಿದ್ದು. ಆ ಭುಜಕ್ಕೆ ಒಳಗೆ ತೇಪೆ ಇತ್ತು. ಇಷ್ಟು ದಿನ ಅವರ ಮಾನ ಕಾಯುತ್ತೇನೆ ಎಂದು ಅವಳು ಹಾಕಿದ ಒಂದೊಂದು ಹೊಲಿಗೆಯೂ ಈಗ ಅವರ ಕಡೆ ಸಾಕ್ಷಿ ನುಡಿಯುತ್ತಿತ್ತು. ನನ್ನ ಉದ್ದ ನಾಲಿಗೆಯೂ ಅವತ್ತು ಒಳಗೇ ಇತ್ತು, ಏಕೆಂದರೆ ಅಕ್ಕನ ಕಣ್ಣು ನನ್ನ ಮೇಲಿತ್ತು. ಮಾಸ್ಟರ್ ಅಂಗಿಗಳನ್ನು ಒಂದೊಂದಾಗಿ ವಾಪಸು ನೇತುಹಾಕಿ, ಶಿಳ್ಳೆ ಹಾಕುತ್ತಾ ಕೆಲಸಕ್ಕೆ ಕೂತರು.

ನನಗೆ ಅಕ್ಕನ ಮೇಲೆ ಕೋಪ ಬಂತು. ಹಿತ್ತಲಿಗೆ ಎಳೆದುಕೊಂಡು ಹೋಗಿ ಬಾಯಿಗೆ ಬಂದ ಹಾಗೆ ಬೈದೆ. "ನಿನ್ನ ಒಳ್ಳೆತನಕ್ಕೆ ಬೆಂಕಿ ಬೀಳ. ಗಂಡನ ಕಣ್ಣಿಗೆ ಪಟ್ಟಿ ಕಟ್ಟಿದವಳೂ ನೀನೇ, ನೋಡ್ರಿ ನೋಡ್ರಿ ಅಂತ ಗೋಗರೆಯೋಳೂ ನೀನೇ." ಅವಳು ಬಚ್ಚಲಿನ ನಲ್ಲಿ ತಿರುಗಿಸಿ ಮುಖ ತೊಳೆದುಕೊಂಡಳು.

ಕೆಲವು ದಿನ ಕಳೆದ ಮೇಲೆ ಅವಳು ತಿಳಿನೀಲಿ ಬಟ್ಟೆಯೊಂದನ್ನು ತಂದು ಮಾಸ್ಟರ್ ಮುಂದಿಟ್ಟಳು. ಊರಿಗೆಲ್ಲ ಅಂಗಿ ಕತ್ತರಿಸುತ್ತೀರಿ, ನಿಮ್ಮ ಅಂಗಿ ಕುತ್ತಿಗೆಯಲ್ಲಿ ಹರಿದಿದೆ, ನಿಮಗೊಂದು ಮಾಡಿಕೊಳ್ಳಿ ಅಂದಳು. ಮಾಸ್ಟರಿಗೆ ಖುಷಿಯಾಯಿತು. ನನ್ನಿಂದ ಅಳತೆ ತೆಗೆಸಿಕೊಂಡರು, ಹೊಟ್ಟೆ ಒಳಗೆಳೆದುಕೊಂಡಿದ್ದಕ್ಕೆ ನಾನು ಒಂದು ಏಟು ಕೊಟ್ಟೆ. ಬಹಳ ಅಕ್ಕರೆಯಿಂದ ಕತ್ತರಿಸಿದರು. ಆದರೂ ಕೈ ಪಕ್ಕಕ್ಕೆ ಹೋಯಿತು. ಒಂದು ಸಲವಲ್ಲ, ಹಲವು ಸಲ.

ಗಿರಾಕಿಗಳ ಬಟ್ಟೆ ಕೆಡಿಸಲು ಅಕ್ಕನಿಗೆ ಮನಸ್ಸು ಬರಲಿಲ್ಲ. ಅದಕ್ಕೇ ಗಂಡನ ಅಂಗಿಯನ್ನೇ ಆರಿಸಿಕೊಂಡಿದ್ದಳು. ಅವತ್ತು ಅವಳು ಆ ಅಂಗಿಯನ್ನು ಕತ್ತರಿಸಿದ ಹಾಗೇ ಹೊಲಿದಳು. ಒಂದು ಎಳೆ ಆಚೀಚೆ ಮಾಡಲಿಲ್ಲ. ಪದೇ ಪದೇ ಅವಳ ಕೈ ತಾನಾಗೇ ಬಟ್ಟೆಯನ್ನು ಎಳೆದು ಸರಿಮಾಡಲು ಹೋಗುತ್ತಿತ್ತು, ಅವಳು ಹಿಂದಕ್ಕೆ ತೆಗೆಯುತ್ತಿದ್ದಳು. ಅಂಥ ಕೆಟ್ಟ ಹೊಲಿಗೆಯನ್ನು ಅಷ್ಟು ಕಷ್ಟಪಟ್ಟು ಹೊಲಿದವರನ್ನು ನಾನು ಬೇರೆಲ್ಲೂ ನೋಡಿಲ್ಲ. ನಾನು ಗುಂಡಿ ಹಚ್ಚಿದೆ. ಎಡಗಡೆಯ ಕಾಜಾಗೂ ಬಲಗಡೆಯ ಗುಂಡಿಗೂ ಮುಖ ಕೊಟ್ಟು ಮಾತಿರಲಿಲ್ಲ.

ಮಾಸ್ಟರ್ ಪರದೆಯ ಹಿಂದಿನ ಕನ್ನಡಿ ಮುಂದೆ ತೊಟ್ಟುಕೊಂಡು ನಿಂತರು. ಒಂದು ಭುಜ ಮೇಲೆ, ಒಂದು ಭುಜ ಕೆಳಗೆ. ಕಾಲರು ಕಿವಿಯ ಕಡೆ ಹೊರಟಿತ್ತು. ಮುಂದಿನ ಒಂದು ಭಾಗ ಇನ್ನೊಂದಕ್ಕಿಂತ ಕೆಳಗಿಳಿದಿತ್ತು.

"ಇದೇನೇ ಹೀಗೆ ಹೊಲಿದಿದ್ದೀಯ? ನಿನಗೇನಾಯ್ತು?" ಎಂದು ಗದರಿಸಿದರು.

"ನೀವು ಕತ್ತರಿಸಿದ ಹಾಗೇ ಹೊಲಿದೆ ರೀ" ಅಂದಳು ಅಕ್ಕ.

ಅವರು ಅಂಗಿ ಬಿಚ್ಚಿ ಒಳಗು ಹೊರಗು ಮಾಡಿ, ಬೆಳಕಿಗೆ ಹಿಡಿದರು. ಅಂಚಿನ ಮೇಲೆ ಬೆರಳಾಡಿಸಿದರು. ಕತ್ತರಿಯ ಹಾದಿ ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನೋಡಿದವರೇ ಹೋಗಿ, ತಯಾರಾದ ಅಂಗಿಗಳಲ್ಲಿ ಒಂದನ್ನು ಎಳೆದು ತಿರುಗಿಸಿದರು. ಇನ್ನೊಂದನ್ನು ತಿರುಗಿಸಿದರು. ತೇಪೆ ಕಂಡಿತು, ಬಿಚ್ಚಿ ಹೊಲಿದ ತೂತುಗಳು ಕಂಡವು.

"ಎಷ್ಟು ದಿನದಿಂದ?"

ಅಕ್ಕ ಮೇಜಿನ ಮೇಲಿದ್ದ ಟೇಪು ಸುತ್ತತೊಡಗಿದಳು.

"ಕಾಜಾ, ನಿನಗೂ ಗೊತ್ತಿತ್ತಾ?"

"ಗೊತ್ತಿತ್ತು ಮಾಸ್ಟರ್."

"ಇಬ್ರೂ ಸೇರಿ ನನ್ನ ಕೈಗೆ ಗಿಲಕಿ ಕೊಟ್ಟು ಆಡಿಸ್ತಾ ಇದ್ರಿ" ಅಂದರು. ಕೂಗಲಿಲ್ಲ. ಕೂಗಿದ್ದರೆ ಚೆನ್ನಾಗಿತ್ತು. ಬನಿಯನ್ನಿನಲ್ಲೇ ಹೋಗಿ ಹಿಂದಿನ ಕೋಣೆಯಲ್ಲಿ ಬಟ್ಟೆ ಥಾನುಗಳ ನಡುವೆ ಕೂತುಬಿಟ್ಟರು. ಅವತ್ತಿನಿಂದ ಅವರು ಕತ್ತರಿ ಮುಟ್ಟಲಿಲ್ಲ.

ಅಕ್ಕ ಅಂದುಕೊಂಡಿದ್ದೇ ಬೇರೆ. ಕಣ್ಣಿಗೆ ಕಂಡ ಮೇಲೆ ಆಸ್ಪತ್ರೆಗೆ ಹೊರಡುತ್ತಾರೆ ಎಂದು ನಂಬಿದ್ದಳು. ಅವರು ಬಾಗಿಲ ಹತ್ತಿರ ಸ್ಟೂಲು ಹಾಕಿಕೊಂಡು ಕೂತರು. ಹೋಗುವವರ ಬೆನ್ನು ನೋಡಿ ಮಾತಾಡುವುದನ್ನೂ ಬಿಟ್ಟರು. ಅಕ್ಕನೇ ಕತ್ತರಿಸಿ ಅಕ್ಕನೇ ಹೊಲಿಯುವ ಹಾಗಾಯಿತು. ಅವರಿಗಿದ್ದ ಒಂದು ಸಂಭ್ರಮವನ್ನೂ ಅವಳು ತನ್ನ ಕೈಯಾರೆ ಕಿತ್ತುಕೊಂಡಿದ್ದಳು, ಬದಲಿಗೆ ಏನೂ ಸಿಕ್ಕಿರಲಿಲ್ಲ.

"ಈಗಲಾದ್ರೂ ಹೋಗೋಣ ರೀ" ಅಂದಳು.

"ಗೊತ್ತಾಯ್ತಲ್ಲ. ಇನ್ಯಾತಕ್ಕೆ ಹೋಗೋದು?"

"ಇದು ಅದೇ ಅಂತ ಯಾರು ಹೇಳಿದ್ರು? ಬೇರೆ ಏನಾದ್ರೂ ಇರಬಹುದು. ನಿಮಗಲ್ದಿದ್ರೂ ಅವಳಿಗೋಸ್ಕರ..."

ಆಗ ಮಾಸ್ಟರ್ ತಿರುಗಿ ಹೇಳಿದ್ದನ್ನು ನಾನು ಕಿವಿಯಾರೆ ಕೇಳಿದೆ. "ಅವಳಿಗೋಸ್ಕರನೇ ಕಣೇ ನಾನು ಹೋಗದೇ ಇರೋದು. ನಾನು ಹೋಗಿ ಇದೆ ಅಂತ ಬಂದ್ರೆ, ಅವತ್ತಿಂದ ಅದು ಅವಳ ತಲೆ ಮೇಲೆ ಬಂದು ಕೂರುತ್ತೆ. ನಾನು ಹೋಗದಿದ್ರೆ ಇಲ್ಲದೇ ಇರಬಹುದು ಅಂತ ಅವಳಿಗೊಂದು ಆಸೆ ಇರುತ್ತೆ. ಅಪ್ಪ ಆಗಿ ನಾನು ಅವಳಿಗೆ ಕೊಡೋಕೆ ಆಗೋದು ಅದೊಂದೇ. ಅದನ್ನೂ ಕಿತ್ಕೊಳ್ಲಾ?"

ಇಷ್ಟು ದಿನ ಅದು ಬರೀ ಹೆದರಿಕೆ ಎಂದು ನಾನು ತಿಳಿದಿದ್ದೆ. ಹೆದರಿಕೆಯೂ ಇತ್ತು, ಆದರೆ ಅಡಿಯಲ್ಲಿ ಇದಿತ್ತು. ಅಕ್ಕ ಬರಿಗೈಯಲ್ಲೇ ಕಣ್ಣೊರೆಸಿಕೊಂಡು, "ಆ ಆಸೆನೇ ಅವಳನ್ನ ತಿಂತಾ ಇದೆ ರೀ" ಅಂದಳು. ಅವರು ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ.

ಹೀಗೇ ದಿನ ಹೋದವು. ಕೊನೆಗೆ ಅವರನ್ನು ಎಬ್ಬಿಸಿದ್ದು ಅಕ್ಕನ ಅಳುವೂ ಅಲ್ಲ, ನನ್ನ ಬೈಗುಳವೂ ಅಲ್ಲ. ಒಂದು ಭಾನುವಾರ ಮಗಳ ಫೋನು ಬಂತು. ಮಾತು ಮುಗಿಸಿ ಅಕ್ಕ ಫೋನು ಇಟ್ಟಳು.

"ಏನಂತೆ?" ಅಂದರು ಮಾಸ್ಟರ್.

"ಚೆನ್ನಾಗಿದ್ದಾಳಂತೆ. ಅವಳು ಈಗ ಕೇಳೋದೇ ಬಿಟ್ಟಿದ್ದಾಳೆ ರೀ. ಅಪ್ಪ ಹೋದ್ರಾ ಅಂತ ಹೋದ ವಾರಾನೂ ಕೇಳ್ಲಿಲ್ಲ, ಅದರ ಹಿಂದಿನ ವಾರಾನೂ ಕೇಳ್ಲಿಲ್ಲ" ಅಂದಳು.

ಮಾಸ್ಟರ್ ಸ್ಟೂಲನ್ನು ಬೀದಿಯಿಂದ ಅಕ್ಕನ ಕಡೆ ತಿರುಗಿಸಿಕೊಂಡರು. ಆಮೇಲೆ ಅಂದರು: "ಅಣ್ಣ ಯಾವಾಗ್ಲೂ ಕೇಳ್ತಿದ್ದ, ನನಗೆ ಯಾವಾಗ ವಾಸಿ ಆಗುತ್ತೆ ಅಂತ. ಆಮೇಲೆ ಒಂದಿನ ಕೇಳೋದು ಬಿಟ್ಟುಬಿಟ್ಟ. ಅವನು ಕೇಳ್ತಿದ್ದಾಗ ನನಗೆ ಅಷ್ಟು ಸಂಕಟ ಆಗಿರ್ಲಿಲ್ಲ."

ಮರುದಿನ ಬೆಳಿಗ್ಗೆ ನಾನು ಅಂಗಡಿಗೆ ಬಂದಾಗ ಮಾಸ್ಟರ್ ಗಡ್ಡ ಹೆರೆದುಕೊಂಡು, ಬೂಟು ಹಾಕಿಕೊಂಡು ನಿಂತಿದ್ದರು. ತೊಟ್ಟಿದ್ದು ಆ ಸೊಟ್ಟ ತಿಳಿನೀಲಿ ಅಂಗಿ. ಕೆನ್ನೆಯಲ್ಲಿ ಅಲ್ಲಲ್ಲಿ ಕೊಯ್ದ ಗಾಯ.

"ಬೇರೆ ಅಂಗಿ ಇಲ್ವಾ ಮಾಸ್ಟರ್?"

"ಇದನ್ನೇ ಡಾಕ್ಟ್ರಿಗೆ ತೋರಿಸ್ತೀನಿ. ಬಾಯಲ್ಲಿ ವಿವರಿಸೋ ಕಷ್ಟ ತಪ್ಪುತ್ತೆ" ಅಂದು ನಕ್ಕರು. ಎಷ್ಟೋ ದಿನದ ಮೇಲೆ ಆ ನಗು. ಅಕ್ಕ ಒಳಗಿನಿಂದ ಬಂದಳು, ತಲೆ ಬಾಚಿಕೊಂಡು, ಚೀಲ ಹಿಡಿದುಕೊಂಡು. ಮದುವೆಗೆ ಹೊರಟವಳ ಹಾಗೆ ಮುಖವೆಲ್ಲ ಕೆಂಪಾಗಿತ್ತು. ನಾನು ಅಂಗಡಿ ನೋಡಿಕೊಳ್ಳುತ್ತೇನೆ, ಹೊರಡಿ ಅಂದೆ. ನನಗೂ ಆ ಗಳಿಗೆಯಲ್ಲಿ, ಯಾಕಿರಬಾರದು, ಕತ್ತಿನ ನರವೇ ಯಾಕಿರಬಾರದು ಎಂದು ಆಸೆ ಹುಟ್ಟಿತು.

ಅವರು ಮೆಟ್ಟಿಲಿಳಿಯುವುದಕ್ಕೂ ಮಗಳು ಬೀದಿಯ ತಿರುವಿನಲ್ಲಿ ಕಾಣಿಸುವುದಕ್ಕೂ ಸರಿಹೋಯಿತು. ಬರುತ್ತೇನೆಂದು ಹೇಳಿರಲಿಲ್ಲ. ಒಬ್ಬಳೇ ಬಂದಿದ್ದಳು, ಹೆಗಲಿಗೆ ಸಣ್ಣ ಚೀಲ. ಕೆಲಸದ ದಿನ ಹೀಗೆ ಬಂದಳಲ್ಲ ಎಂದುಕೊಂಡೆ.

"ಅಪ್ಪ, ಎಲ್ಲಿಗೆ ಹೊರಟೆ?"

"ನೀನು ಹೇಳಿದ ಕಡೆಗೇ ತಾಯಿ. ನಿನ್ನಮ್ಮ ಕೊನೆಗೂ ಗೆದ್ದಳು" ಅಂದರು ಮಾಸ್ಟರ್. ಹೇಳುವಾಗ ಅವರ ಎದೆ ಸ್ವಲ್ಪ ಮುಂದಕ್ಕೆ ಬಂದಿತ್ತು. ಮಗಳಿಗೆ ಒಂದು ಉಡುಗೊರೆ ಕೊಡುವವರ ಹಾಗಿದ್ದರು.

ಅವಳು ಅಮ್ಮನ ಮುಖ ನೋಡಿದಳು. ಅಕ್ಕ ಹೌದೆಂದು ತಲೆಯಾಡಿಸಿದಳು. ಹುಡುಗಿ ಚೀಲ ಕೆಳಗಿಟ್ಟಳು.

"ಬೇಡಪ್ಪ. ಇನ್ನು ನೀನು ಹೋಗೋದು ಬೇಡ."

"ಇದೊಳ್ಳೆ ಕಥೆ ಆಯ್ತಲ್ಲ. ಇಷ್ಟು ದಿನ ಹೋಗು ಹೋಗು ಅಂತ ಪ್ರಾಣ ತಿಂದು, ಬೂಟು ಹಾಕ್ಕೊಂಡ ಮೇಲೆ ಬೇಡ ಅಂತೀಯಾ?"

"ನಾನೇ ಹೋಗಿದ್ದೆ ಅಪ್ಪ. ಕಾಯೋಕೆ ಆಗ್ಲಿಲ್ಲ. ಶನಿವಾರ ಹೇಳಿದ್ರು." ಅವಳು ಅಪ್ಪನ ತೋಳು ಹಿಡಿದುಕೊಂಡಳು. "ನನಗಿದೆ."

ಅವಳಿಗೆ ಇದೆಯೆಂದರೆ ಅದು ಬೇರೆಲ್ಲಿಂದಲೂ ಬರುವ ಹಾಗಿರಲಿಲ್ಲ. ಒಂದೇ ಚುಚ್ಚಿನಲ್ಲಿ ಇಬ್ಬರ ಪರೀಕ್ಷೆಯೂ ಮುಗಿದಿತ್ತು. ಅಕ್ಕನಿಗೆ ಅದು ತಕ್ಷಣ ಹೊಳೆಯಿತು. ಮಾಸ್ಟರ್ ಮಾತ್ರ ಇನ್ನೂ ಏನೋ ಲೆಕ್ಕ ತಪ್ಪಿದವರ ಹಾಗೆ ಮಗಳ ಮುಖವನ್ನೇ ನೋಡುತ್ತಿದ್ದರು.

"ನಾನು... ನಾನು ಮೊದಲೇ ಹೋಗಿದ್ದಿದ್ರೆ?"

"ಏನೂ ಬದಲಾಗ್ತಿರ್ಲಿಲ್ಲಪ್ಪ. ನೀನು ಹೋಗಿದ್ರೂ ನನಗೆ ಇದೇ ಇರ್ತಿತ್ತು. ನೀನು ಅದನ್ನೆಲ್ಲ ಹಚ್ಕೋಬೇಡ." ಸಮಾಧಾನ ಮಾಡುತ್ತಿದ್ದವಳು ಅವಳು. ದೇವರು ಅನ್ನುವವನು ಇದ್ದರೆ ನಾನು ಅವನಿಗೆ ಅವತ್ತು ಬೈದದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ.

"ಅಳಿಯಂದ್ರು ಬಂದಿದ್ರಾ ಜೊತೆಗೆ?" ಅಕ್ಕ ಕೇಳಿದಳು.

"ಇಲ್ಲಮ್ಮ. ಅವರಿಗಿನ್ನೂ ಹೇಳಿಲ್ಲ. ಒಬ್ಬಳೇ ಹೋಗಿದ್ದೆ." ಅವಳು ಅಪ್ಪನ ಅಂಗಿಯ ಕಾಲರನ್ನು ಎಳೆದು ನೆಟ್ಟಗೆ ಮಾಡಹೋದಳು, ಅದು ಆಗಲಿಲ್ಲ. "ಒಬ್ಬರೇ ಬಂದ್ರೆ ರಿಸಲ್ಟ್ ಹೇಳಲ್ವಂತೆ ಅಲ್ಲಿ. ಜೊತೆಗೆ ಯಾರು ಬಂದಿದ್ದಾರೆ ಅಂತ ಕೇಳಿದ್ರು. ಅಪ್ಪ ಬರ್ತಾರೆ, ಬಸ್ಸು ತಡ ಆಗಿದೆ ಅಂದೆ. ಕೊನೆಗೆ ನನ್ನೊಬ್ಬಳಿಗೇ ಹೇಳೋ ಮೊದಲು ಅವರು ತುಂಬಾ ಹೊತ್ತು ಕಾದ್ರು, ಪಾಪ."

ಮಾಸ್ಟರ್ ಮೆಟ್ಟಿಲ ಮೇಲೆ ಕೂತುಬಿಟ್ಟರು.